ಕಾಣೆಯಾದ ರೋಗಿಯೂ ಲೆಕ್ಕದಲ್ಲಿರಲಿ

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ವೈದ್ಯಕೀಯ ಸ್ನಾತಕೋತ್ತರ ಪದವಿಯ ಮೊದಲ ವರ್ಷದಲ್ಲಿ ಓದುತ್ತಿದ್ದೇನೆ. ಕ್ಷಯರೋಗದ ಮೇಲೆ ಪ್ರಬಂಧ ಮಾಡುವಂತೆ ಮಾರ್ಗದರ್ಶಕರು ಸೂಚಿಸಿದ್ದಾರೆ. ಹಿಂದಿನವರ ಪ್ರಬಂಧಗಳನ್ನು ತೆಗೆದು ನೋಡಿದರೆ ಹೆಚ್ಚಿನವು ರೋಗಿಗಳ ವಯಸ್ಸು, ಲಕ್ಷಣ, ಎಕ್ಸ್‌ರೇ ವಿವರಗಳಲ್ಲೇ ಮುಗಿದಿವೆ. ಅನುದಾನವಿಲ್ಲದೆ, ಒಂದೂವರೆ ವರ್ಷದೊಳಗೆ, ರೋಗಿಗೆ ಉಪಯೋಗವಾಗುವಂಥದ್ದನ್ನು ಮಾಡಲು ಸಾಧ್ಯವೇ?
– ಸ್ನಾತಕೋತ್ತರ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಸಾಧ್ಯವಿದೆ. ಆದರೆ ಅದಕ್ಕೆ ನಿಮ್ಮ ಗಮನ ವಾರ್ಡಿನ ಹಾಸಿಗೆಯಿಂದ ರೋಗಿಯ ಊರಿನ ಕಡೆಗೆ ಹೊರಳಬೇಕು. ಕ್ಷಯದ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳದ್ದು: ಮೊದಲ ಎರಡು ತಿಂಗಳು ನಾಲ್ಕು ಔಷಧಗಳು, ಉಳಿದ ನಾಲ್ಕು ತಿಂಗಳು ಮೂರು. ಇದರಲ್ಲಿ ರೋಗಿ ನಿಮ್ಮ ಕಣ್ಣೆದುರಿಗೆ ಇರುವುದು ಕೆಲವೇ ದಿನ. ಹುಬ್ಬಳ್ಳಿಯಲ್ಲಿ ರೋಗ ಪತ್ತೆಯಾದವರಲ್ಲಿ ಅನೇಕರು ಮಾತ್ರೆ ನುಂಗುವುದು ಶಿರಹಟ್ಟಿಯಲ್ಲೋ ರೋಣದಲ್ಲೋ ಸವಣೂರಿನಲ್ಲೋ. ಪತ್ತೆಯಾದ ದಿನಕ್ಕೂ ಊರಿನಲ್ಲಿ ಮೊದಲ ಮಾತ್ರೆ ಸಿಗುವ ದಿನಕ್ಕೂ ನಡುವೆ ಎಷ್ಟು ದಿನ ಹೋಯಿತು, ಎಷ್ಟು ಜನ ಆ ನಡುವೆಯೇ ಕೈಬಿಟ್ಟು ಹೋದರು ಎಂಬುದನ್ನು ಹೆಸರು ಹಿಡಿದು ಹುಡುಕಿ ಬರೆದಿಟ್ಟರೂ ಅದು ಒಳ್ಳೆಯ ಪ್ರಬಂಧವೇ ಆಗುತ್ತದೆ. ಇದಕ್ಕೆ ಬೇಕಾಗುವುದು ಒಂದು ನೋಂದಣಿ ಪುಸ್ತಕ, ಒಂದು ಫೋನು, ಆಶಾ ಕಾರ್ಯಕರ್ತೆಯರ ವಿಶ್ವಾಸ ಮತ್ತು ಸಾಕಷ್ಟು ಬಸ್ ಪ್ರಯಾಣ.

ನಮ್ಮ ಪ್ರಬಂಧಗಳ ದೊಡ್ಡ ದೋಷವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 'ಸಂಪರ್ಕಕ್ಕೆ ಸಿಗದವರನ್ನು ಅಧ್ಯಯನದಿಂದ ಕೈಬಿಡಲಾಗಿದೆ' ಎಂಬ ಒಂದು ಸಾಲು ಹೆಚ್ಚಿನ ಪ್ರಬಂಧಗಳಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ನೂರು ಜನರನ್ನು ಸೇರಿಸಿಕೊಂಡಿರಿ, ಹದಿನೈದು ಜನ ಮರಳಿ ಬರಲಿಲ್ಲ, ಎಂಬತ್ತು ಜನ ಗುಣವಾದರು ಎಂದಿಟ್ಟುಕೊಳ್ಳಿ. ಬಾರದವರನ್ನು ತೆಗೆದುಹಾಕಿದರೆ ಗುಣವಾದವರ ಪ್ರಮಾಣ ಶೇ. 94 ಆಗುತ್ತದೆ, ಇಟ್ಟುಕೊಂಡರೆ ಶೇ. 80. ಮೊದಲನೆಯ ಅಂಕಿ ನೋಡಲು ಚೆಂದ, ಆದರೆ ನೀವು ಹುಡುಕಬೇಕಾದ ಉತ್ತರವಿರುವುದು ಆ ಹದಿನೈದು ಜನರ ಮನೆಗಳಲ್ಲಿ. ನಮ್ಮ ರಾಷ್ಟ್ರೀಯ ಕಾರ್ಯಕ್ರಮದ ವ್ಯಾಖ್ಯೆಯಂತೆ ಸತತ ಒಂದು ತಿಂಗಳು ಚಿಕಿತ್ಸೆ ತಪ್ಪಿದವರು 'ಅನುಸರಣೆ ತಪ್ಪಿದವರು'. ಅವರಲ್ಲಿ ಯಾರು ತೀರಿಕೊಂಡರು, ಯಾರು ಖಾಸಗಿ ವೈದ್ಯರ ಬಳಿ ಹೋದರು, ಯಾರು ವಾಂತಿ ತಾಳಲಾರದೆ ಮಾತ್ರೆ ಬಿಟ್ಟರು, ಯಾರು ಗೋವೆಗೋ ಮಂಗಳೂರಿಗೋ ಗುಳೆ ಹೋದರು ಎಂಬುದನ್ನು ಬೇರೆಬೇರೆ ಮಾಡಿ ತೋರಿಸಿದರೆ ಜಿಲ್ಲಾ ಕ್ಷಯರೋಗ ಅಧಿಕಾರಿಗೆ ಮರುದಿನವೇ ಮಾಡಬಹುದಾದ ಕೆಲಸ ಸಿಗುತ್ತದೆ. ಗುಳೆ ಹೋಗುವವರಿಗೆ ಬೇಕಾದದ್ದು ಉಪದೇಶವಲ್ಲ. ಹೋದ ಊರಿನಲ್ಲಿ ಮಾತ್ರೆ ಸಿಗುವಂತೆ, ಕ್ಷಯರೋಗಿಗಳನ್ನು ನೋಂದಾಯಿಸುವ ಸರ್ಕಾರಿ ಜಾಲವಾದ ನಿಕ್ಷಯ್‌ನಲ್ಲಿ ಹೆಸರು ವರ್ಗಾಯಿಸುವ ಏರ್ಪಾಡು.

ಚಿಕ್ಕ ಪ್ರಶ್ನೆಗೆ ದೊಡ್ಡ ಫಲ ಬರುತ್ತದೆಯೇ ಎಂಬ ಅಳುಕು ನಿಮಗಿರಬಹುದು. 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಅಧ್ಯಯನವೊಂದು ಕೇಳಿದ್ದು ಇಷ್ಟೇ: ಬಡ ರೋಗಿಗಳನ್ನು ಸ್ಯಾನಟೋರಿಯಂ ಎಂಬ ಕ್ಷಯದ ಆಸ್ಪತ್ರೆಯಲ್ಲಿ ಇರಿಸಬೇಕೇ, ಮನೆಯಲ್ಲಿಯೇ ಮಾತ್ರೆ ಕೊಟ್ಟರೆ ಸಾಕೇ? ಇಕ್ಕಟ್ಟಾದ ಮನೆಗಳಲ್ಲಿ ಕಡಿಮೆ ಪೌಷ್ಟಿಕ ಆಹಾರ ತಿಂದು ಇದ್ದವರೂ ಸ್ಯಾನಟೋರಿಯಂನಲ್ಲಿದ್ದವರಷ್ಟೇ ಚೆನ್ನಾಗಿ ಚೇತರಿಸಿಕೊಂಡರು. ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವೂ ಕಾಣಲಿಲ್ಲ. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಕ್ಷಯ ಚಿಕಿತ್ಸೆಯನ್ನು ಆಸ್ಪತ್ರೆಯಿಂದ ಮನೆಗೆ ತಂದಿತು.

ಹಾಗಾದರೆ ಆಹಾರಕ್ಕೆ ಮಹತ್ವವಿಲ್ಲವೇ? ಈ ತಪ್ಪು ತೀರ್ಮಾನ ಬಹುಕಾಲ ಉಳಿಯಿತು. ಮಂಗಳೂರಿನ ವೈದ್ಯಕೀಯ ಕಾಲೇಜೊಂದರಲ್ಲಿರುವ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡಿನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ 'ರೇಷನ್ಸ್' ಅಧ್ಯಯನದಲ್ಲಿ, 2,800 ರೋಗಿಗಳ ಮನೆಗಳ ಹತ್ತು ಸಾವಿರಕ್ಕೂ ಹೆಚ್ಚು ಸದಸ್ಯರನ್ನು ಗಮನಿಸಲಾಯಿತು. ಮನೆಮಂದಿಗೂ ಅಕ್ಕಿ, ಬೇಳೆ, ಸೂಕ್ಷ್ಮ ಪೋಷಕಾಂಶಗಳನ್ನು ಕೊಟ್ಟ ಕಡೆ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು, ಸಾಂಕ್ರಾಮಿಕ ಬಗೆಯ ಕ್ಷಯ ಶೇ. 48ರಷ್ಟು ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವು ಕಡಿಮೆಯಿತ್ತು. ಎರಡೂ ಅಧ್ಯಯನಗಳು ಪರಸ್ಪರ ವಿರುದ್ಧವಲ್ಲ. ಮದ್ರಾಸಿನವರು ಕೇಳಿದ್ದು ಆಸ್ಪತ್ರೆಯ ಹಾಸಿಗೆ ಅಗತ್ಯವೇ ಎಂದು. ಜಾರ್ಖಂಡಿನವರು ಕೇಳಿದ್ದು ಹಸಿದ ಮೈ ಉಳಿಯಲು ಮತ್ತು ಮನೆಯವರಿಗೆ ರೋಗ ಹಬ್ಬದಿರಲು ಅನ್ನ ನೆರವಾಗುತ್ತದೆಯೇ ಎಂದು.

ಇದರಿಂದ ನಿಮಗೊಂದು ಸ್ಥಳೀಯ ಪ್ರಶ್ನೆ ಹೊಳೆಯಬಹುದು. ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ರೋಗಿಯ ಖಾತೆಗೆ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಸಂದಾಯವಾಗುತ್ತಿತ್ತು. 2024ರ ನವೆಂಬರಿನಿಂದ ಅದು 1,000 ರೂಪಾಯಿ ಆಗಿದೆ. ಹಣ ಖಾತೆಗೆ ಬಂದ ದಿನ ಯಾವುದು, ಆ ಹೊತ್ತಿಗೆ ರೋಗಿಯ ತೂಕ ಎಷ್ಟಿತ್ತು, ಅದು ರೊಟ್ಟಿ, ಬೇಳೆ, ತತ್ತಿಗೆ ಹೋಯಿತೋ ಸಾಲಕ್ಕೆ ಜಮೆಯಾಯಿತೋ? ಕೇಳಲು ಸರಳವಾದರೂ ಇದರಲ್ಲೊಂದು ಹಳ್ಳವಿದೆ. ಮೊದಲ ವಾರಗಳಲ್ಲಿಯೇ ತೀರಿಕೊಂಡವರಿಗೆ ಹಣ ತಲುಪುವ ಅವಕಾಶವೇ ಇರುವುದಿಲ್ಲ. ಆದ್ದರಿಂದ 'ಹಣ ಪಡೆದವರು ಹೆಚ್ಚು ಬದುಕಿದರು' ಎಂದು ನೀವು ಬರೆದರೆ, ಬದುಕಿದ್ದರಿಂದಲೇ ಅವರಿಗೆ ಹಣ ಬಂತು ಎಂದು ಜಾಣ ಪರೀಕ್ಷಕರು ತಿರುಗಿಸಿ ಹೇಳುತ್ತಾರೆ. ಇದನ್ನು ತಪ್ಪಿಸಲು ಅರವತ್ತನೆಯ ದಿನದಂತಹ ಒಂದು ಗಡುವನ್ನು ಮೊದಲೇ ಗೊತ್ತುಮಾಡಿಕೊಂಡು, ಆ ದಿನದವರೆಗೆ ಹಣ ಬಂದಿದೆಯೋ ಇಲ್ಲವೋ ಎಂದು ಗುಂಪು ಮಾಡಿ, ಅಲ್ಲಿಂದ ಮುಂದಿನ ಪರಿಣಾಮವನ್ನಷ್ಟೇ ಹೋಲಿಸಿರಿ. ಅದಕ್ಕೂ ಮೊದಲಿನ ಸಾವುಗಳನ್ನು ಪ್ರತ್ಯೇಕವಾಗಿ, ಮರೆಮಾಚದೆ ತೋರಿಸಿರಿ.

ಮಾದರಿಯ ಗಾತ್ರದ ಬಗ್ಗೆ ಒಂದು ಮಾತು. ಚಿಕಿತ್ಸೆ ತಪ್ಪುವವರ ಪ್ರಮಾಣ ಒಂದು ಗುಂಪಿನಲ್ಲಿ ಶೇ. 20, ಇನ್ನೊಂದರಲ್ಲಿ ಶೇ. 10 ಎಂಬ ದೊಡ್ಡ ವ್ಯತ್ಯಾಸವನ್ನು ಹಿಡಿಯಲು ಸಹ, ವಾಡಿಕೆಯ ಲೆಕ್ಕದಂತೆ, ಪ್ರತಿ ಗುಂಪಿಗೆ ಸುಮಾರು 200 ಜನ ಬೇಕು. ಗುಂಪಿಗೆ ಮೂವತ್ತು ಜನರನ್ನಿಟ್ಟುಕೊಂಡು 'ವ್ಯತ್ಯಾಸವಿಲ್ಲ' ಎಂದು ಘೋಷಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಅದಕ್ಕಿಂತ ಅರವತ್ತೇ ರೋಗಿಗಳನ್ನು ಕೊನೆಯವರೆಗೂ ಬಿಡದೆ ಹಿಂಬಾಲಿಸಿ, ಹೋಲಿಕೆಯ ಗೋಜಿಗೆ ಹೋಗದೆ, ಆದದ್ದನ್ನು ಆದಂತೆ ಬರೆದ ಪ್ರಬಂಧವನ್ನು ನಾನು ಹೆಚ್ಚು ಗೌರವಿಸುತ್ತೇನೆ. ತೂಕದ ಯಂತ್ರ ಒಂದೇ ಇರಲಿ, ಅದನ್ನು ಆಗಾಗ ಪರೀಕ್ಷಿಸಿರಿ. ನೈತಿಕ ಸಮಿತಿಯ ಒಪ್ಪಿಗೆ ಬರುವ ಮೊದಲು ಒಬ್ಬರನ್ನೂ ಸೇರಿಸಿಕೊಳ್ಳಬೇಡಿ. ಅನುದಾನ ಇಲ್ಲವೇ ಇಲ್ಲ ಎಂದೂ ಭಾವಿಸಬೇಕಾಗಿಲ್ಲ: ಕ್ಷಯರೋಗ ಕಾರ್ಯಕ್ರಮವು ವೈದ್ಯಕೀಯ ಕಾಲೇಜುಗಳ ಕಾರ್ಯಪಡೆಯ ಮೂಲಕ ಸ್ನಾತಕೋತ್ತರ ಪ್ರಬಂಧಗಳಿಗೆ ನೆರವು ನೀಡುವ ಪದ್ಧತಿಯಿದೆ. ನಿಮ್ಮ ಕಾಲೇಜಿನ ನೋಡಲ್ ಅಧಿಕಾರಿಯನ್ನು ಕೇಳಿ ನೋಡಿರಿ.

ಪ್ರಶ್ನೆ: ನಮ್ಮ ತಂದೆಯವರಿಗೆ ಟಿ.ಬಿ. ಚಿಕಿತ್ಸೆ ನಡೆದಿದೆ. ಆಸ್ಪತ್ರೆಯಲ್ಲಿ ಕಿರಿಯ ವೈದ್ಯರೊಬ್ಬರು ಅಧ್ಯಯನಕ್ಕೆಂದು ಒಪ್ಪಿಗೆಯ ಹೆಬ್ಬೆಟ್ಟು ಕೇಳಿದ್ದಾರೆ. ಒಲ್ಲೆ ಎಂದರೆ ಮಾತ್ರೆ ನಿಲ್ಲಿಸಬಹುದೇ? ಹೆಚ್ಚಿನ ರಕ್ತಪರೀಕ್ಷೆಯ ಹಣ ನಾವು ಕೊಡಬೇಕೇ?
– ಓದುಗರು, ರಾಣೆಬೆನ್ನೂರು

ಉತ್ತರ: ಎರಡಕ್ಕೂ ಇಲ್ಲ ಎಂದೇ ಉತ್ತರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯಂತೆ ಒಪ್ಪದಿರುವುದೂ, ಒಪ್ಪಿದ ಮೇಲೆ ನಡುವೆ ಹಿಂದೆ ಸರಿಯುವುದೂ ರೋಗಿಯ ಹಕ್ಕು. ಅದರಿಂದ ಚಿಕಿತ್ಸೆಗೆ ಯಾವ ಕುಂದೂ ಬರಬಾರದು. ಸಂಶೋಧನೆಗೆಂದೇ ಮಾಡುವ ಹೆಚ್ಚುವರಿ ಪರೀಕ್ಷೆಯ ವೆಚ್ಚವನ್ನು ರೋಗಿಯ ಮೇಲೆ ಹೊರಿಸುವಂತಿಲ್ಲ. ಓದುಬರಹ ಬಾರದವರಿಂದ ಹೆಬ್ಬೆಟ್ಟು ಪಡೆಯುವಾಗ ಸಂಶೋಧನಾ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಇರಬೇಕು, ಹಾಳೆಯಲ್ಲಿರುವುದನ್ನು ಅವರ ಎದುರಿಗೇ ಕನ್ನಡದಲ್ಲಿ ಓದಿ ಹೇಳಬೇಕು, ಒಂದು ಪ್ರತಿಯನ್ನು ನಿಮಗೆ ಕೊಡಬೇಕು.

ಇಷ್ಟಾಗಿಯೂ, ಅಧ್ಯಯನ ಕೇವಲ ತೂಕ ನೋಡುವುದು, ವಿಚಾರಿಸುವುದು, ಮನೆಗೆ ಬರುವುದು ಇಷ್ಟರದ್ದೇ ಆಗಿದ್ದರೆ ಒಪ್ಪಿಕೊಳ್ಳುವುದರಿಂದ ನಿಮಗೂ ಅನುಕೂಲವಿದೆ. ತಂದೆಯವರನ್ನು ವಿಚಾರಿಸುವ ಇನ್ನೊಬ್ಬ ವೈದ್ಯರು ಸಿಕ್ಕಂತಾಗುತ್ತದೆ. ಒಪ್ಪಿಗೆ ಪತ್ರದಲ್ಲಿ ಅವರ ಫೋನ್ ಸಂಖ್ಯೆ ಇರುತ್ತದೆ. ಸುಗ್ಗಿ ಮುಗಿದು ತಂದೆಯವರು ಕೆಲಸಕ್ಕೆಂದು ಬೇರೆ ಊರಿಗೆ ಹೊರಡುವುದಿದ್ದರೆ, ಬುತ್ತಿ ಕಟ್ಟುವುದಕ್ಕೂ ಒಂದು ವಾರ ಮೊದಲೇ ಆ ಸಂಖ್ಯೆಗೆ ಕರೆ ಮಾಡಿ ಹೋಗುವ ಊರಿನ ಹೆಸರನ್ನು ತಿಳಿಸಿರಿ.