ಬಿಸಿ ಗ್ಯಾರೇಜಿನ ಗೋಡೆಗೆ ಮೊದಲು ಜಿಪ್ಸಂ ಬೋರ್ಡ್, ಆಮೇಲೆ ಪ್ಲೈವುಡ್

ಕೊಡಗಿನ ವಿರಾಜಪೇಟೆಯಿಂದ ಅಮೆರಿಕದ ಮಿನ್ನೆಸೋಟಕ್ಕೆ ಬಂದು ಈಗಷ್ಟೇ ಮನೆ ಕೊಂಡಿರುವ ನೀವು, ಮನೆಗೆ ಹೊಂದಿಕೊಂಡ ಗ್ಯಾರೇಜಿಗೆ ಗ್ಯಾಸ್ ಹೀಟರ್ ಹಾಕಿಸಿ ಚಳಿಗಾಲದಲ್ಲಿ ಅಲ್ಲಿ ಮರಗೆಲಸ ಮಾಡಬೇಕೆಂದಿದ್ದೀರಿ. ಗೋಡೆಗಳಿಗೆ ನೇರವಾಗಿ ಪ್ಲೈವುಡ್ ಹೊಡೆಸಬಹುದೇ ಎಂದು ಕೇಳಿದ್ದೀರಿ. ನಾನೂ ಕೊಡಗಿನವನೇ, ನಾಪೋಕ್ಲು ಕಡೆಯವನು, ಇಲ್ಲಿ ನೆಲೆಸಿ 19 ಚಳಿಗಾಲಗಳಾದವು. ಮನೆಗೂ ಗ್ಯಾರೇಜಿಗೂ ನಡುವೆ ಇರುವ ಗೋಡೆಗೆ ಬರೀ ಪ್ಲೈವುಡ್ ಹೊಡೆಸಲೇಬೇಡಿ.

ನಮ್ಮ ಕಡೆ ಜೀಪಿನ ಶೆಡ್ಡು ಸಾಮಾನ್ಯವಾಗಿ ಮನೆಯಿಂದ ಆಚೆ, ಕಾಫಿ ಒಣಗಿಸುವ ಕಣದ ಪಕ್ಕದಲ್ಲಿರುತ್ತದೆ. ಕಳೆ ಕತ್ತರಿಸುವ ಯಂತ್ರದ ಪೆಟ್ರೋಲು, ಡೀಸೆಲ್ ಕ್ಯಾನು, ಹಳೆಯ ಗೋಣಿಚೀಲಗಳು ಎಲ್ಲವೂ ಅಲ್ಲೇ ಇದ್ದರೂ, ಅಲ್ಲಿ ಬೆಂಕಿ ಬಿದ್ದರೆ ಮನೆಯಲ್ಲಿ ಮಲಗಿದವರಿಗೆ ಎದ್ದು ಹೊರಬರಲು ಸಮಯವಿರುತ್ತದೆ. ಇಲ್ಲಿ ಅದೇ ಶೆಡ್ಡು ಮನೆಯ ಮಾಡಿನ ಕೆಳಗೇ ಬಂದು ಸೇರಿದೆ, ಕೆಲವು ಮನೆಗಳಲ್ಲಿ ಮಕ್ಕಳ ಕೋಣೆಯ ಅಡಿಯಲ್ಲೇ ಇದೆ. ಆ ಸಮಯವನ್ನು ಗಳಿಸಿಕೊಡುವುದು ನಡುವಿನ ಗೋಡೆಯೊಂದೇ.

ಅಮೆರಿಕದ ಬಹುತೇಕ ರಾಜ್ಯಗಳು ಆಧಾರವಾಗಿ ಇಟ್ಟುಕೊಂಡಿರುವ ಅಂತರರಾಷ್ಟ್ರೀಯ ವಸತಿ ಕಟ್ಟಡ ಸಂಹಿತೆಯ ಪ್ರಕಾರ, ಆ ಗೋಡೆಗೆ ಗ್ಯಾರೇಜಿನ ಕಡೆಯಿಂದ ಕನಿಷ್ಠ 1/2 ಅಂಗುಲ ದಪ್ಪದ ಜಿಪ್ಸಂ ಬೋರ್ಡ್ (ಎರಡೂ ಬದಿಗೆ ಕಾಗದ ಹೊದಿಸಿದ ಜಿಪ್ಸಂ ಹಲಗೆ) ಇರಬೇಕು. ಗ್ಯಾರೇಜಿನ ಮೇಲೆ ವಾಸದ ಕೋಣೆಯಿದ್ದರೆ ಮಾಳಿಗೆಯ ಅಡಿಗೆ 5/8 ಅಂಗುಲದ ಟೈಪ್ ಎಕ್ಸ್ ಬೋರ್ಡ್, ಅಂದರೆ ಬೆಂಕಿಯನ್ನು ಇನ್ನೂ ಹೆಚ್ಚು ಹೊತ್ತು ತಡೆಯುವ ಜಿಪ್ಸಂ ಬೋರ್ಡ್ ಬೇಕು. ಜಿಪ್ಸಂನ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ನೀರೇ ಆಗಿದ್ದು, ಅದು ಹರಳಿನೊಳಗೆ ಕಟ್ಟಿಕೊಂಡಿರುತ್ತದೆ. ಬೆಂಕಿ ತಾಗಿದಾಗ ಆ ನೀರು ಆವಿಯಾಗಿ ಹೋಗುವವರೆಗೆ ಹಿಂಬದಿಯ ಮರ ಉರಿಯುವಷ್ಟು ಬಿಸಿಯಾಗುವುದಿಲ್ಲ. ಪ್ಲೈವುಡ್ ತಾನೇ ಉರಿಯುವ ವಸ್ತು. ಉಪಕರಣ ನೇತುಹಾಕಲು ಪ್ಲೈವುಡ್ ಬೇಕೇಬೇಕೆಂದಿದ್ದರೆ ಜಿಪ್ಸಂನ ಮೇಲೆ ಹೊಡೆಸಿ, ಅದರಲ್ಲಿ ತಪ್ಪಿಲ್ಲ.

ಆದರೆ ಬೋರ್ಡ್ ಹೊಡೆದಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ನಾನು ಮನೆ ಕೊಂಡ ಮೊದಲ ಜನವರಿಯಲ್ಲಿ, ಬೆಳಿಗ್ಗೆ ಕಾರು ಶುರು ಮಾಡಿದಾಗಲೆಲ್ಲ ಹೊಗೆಯ ವಾಸನೆ ನಮ್ಮ ಮಲಗುವ ಕೋಣೆಗೆ ಬರುತ್ತಿತ್ತು. ಹುಡುಕಿದಾಗ, ಹಿಂದೆ ಯಾರೋ ಕೆಲಸಗಾರರು ಕೇಬಲ್ ಎಳೆಯಲು ಬೋರ್ಡಿನಲ್ಲಿ ಕೊರೆದ ಮುಷ್ಟಿಗಾತ್ರದ ತೂತು ಕಪಾಟಿನ ಹಿಂದೆ ಹಾಗೇ ಉಳಿದಿತ್ತು. ಕೈಯೊಡ್ಡಿದರೆ ಗಾಳಿ ಒಳಗೆ ಎಳೆಯುವುದು ತಿಳಿಯುತ್ತಿತ್ತು. ಹೊಗೆಯ ಹಿಂದೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಆದ್ದರಿಂದ ಎಲ್ಲ ಸಂದುಗಳಿಗೂ ಟೇಪ್ ಮತ್ತು ಪುಟ್ಟಿ ಹಾಕಿಸಿ, ಪೈಪು ವೈರು ಹಾಯುವ ಕಡೆ ಬೆಂಕಿ ತಡೆಯುವ ಸೀಲಂಟ್ ತುಂಬಿಸಿ, ಮಲಗುವ ಕೋಣೆಗಳ ಹೊರಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಡಿಸಿ.

ಮನೆಯೊಳಗೆ ತೆರೆಯುವ ಬಾಗಿಲು 1⅜ ಅಂಗುಲ ದಪ್ಪದ ಗಟ್ಟಿ ಮರದ್ದು, ಅಷ್ಟೇ ದಪ್ಪದ ಉಕ್ಕಿನದು ಅಥವಾ 20 ನಿಮಿಷ ಬೆಂಕಿ ತಡೆಯುವಂಥದ್ದು ಆಗಿರಬೇಕು, ತಾನಾಗಿ ಮುಚ್ಚಿಕೊಳ್ಳುವಂತಿದ್ದರೆ ಇನ್ನೂ ಒಳ್ಳೆಯದು. ಗ್ಯಾರೇಜಿನಿಂದ ನೇರವಾಗಿ ಮಲಗುವ ಕೋಣೆಗೆ ಬಾಗಿಲು ಇಡುವಂತೆಯೇ ಇಲ್ಲ.

ಹೊರಗೋಡೆಗಳಿಗೆ ಸಂಹಿತೆ ಸಾಮಾನ್ಯವಾಗಿ ಜಿಪ್ಸಂ ಕಡ್ಡಾಯ ಮಾಡುವುದಿಲ್ಲ. ಆದರೆ ನೀವು ಬಿಸಿ ಇಡಬೇಕೆಂದಿರುವುದರಿಂದ ಅಲ್ಲಿ ಬಿಸಿ ಹೊರಹೋಗದಂತೆ ತಡೆಯುವ ಇನ್ಸುಲೇಷನ್ ಬರಲೇಬೇಕು. ಫೈಬರ್‌ಗ್ಲಾಸ್ ಹತ್ತಿಗೆ ಅಂಟಿಸಿರುವ ಕಂದು ಕಾಗದ ಉರಿಯುತ್ತದೆ, ಫೋಮ್ ಬೋರ್ಡ್ ಅದಕ್ಕಿಂತ ಕೆಟ್ಟದಾಗಿ ದಟ್ಟ ಹೊಗೆ ಕಾರುತ್ತಾ ಉರಿಯುತ್ತದೆ. ಎರಡನ್ನೂ ತೆರೆದು ಬಿಡುವಂತಿಲ್ಲ. ಹಾಗಾಗಿ ಸುತ್ತಲೂ ಜಿಪ್ಸಂ ಹೊಡೆಸಿಬಿಡುವುದೇ ಸರಿ. ಬೋರ್ಡಿನ ತಳವನ್ನು ಕಾಂಕ್ರೀಟ್ ನೆಲದಿಂದ ಅರ್ಧ ಅಂಗುಲ ಮೇಲಿಡಿಸಿ, ಇಲ್ಲವಾದರೆ ಕಾರಿನಿಂದ ಕರಗಿ ಬೀಳುವ ಹಿಮದ ಉಪ್ಪುನೀರನ್ನು ಹೀರಿ, ಜೋರು ಮಳೆಯ ಕಕ್ಕಡ ತಿಂಗಳಿನಲ್ಲಿ ನಮ್ಮ ಊರಿನ ಗೋಡೆಗಳಿಗೆ ಆಗುವಂತೆಯೇ, ಬೂಷ್ಟು ಹಿಡಿಯುತ್ತದೆ.

ಕಕ್ಕಡದ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಮಳೆಯಲ್ಲಿ ಒಲೆಯ ಮೇಲೆ ಬಟ್ಟೆ ಒಣಹಾಕಿ ಬೆಳೆದ ನಮಗೆ ಹೀಟರಿನ ಹತ್ತಿರ ಒದ್ದೆ ಕೋಟು ತೂಗುಹಾಕುವುದು ಸಹಜವಾಗಿ ಕಾಣುತ್ತದೆ. ಹಾಗೆ ಮಾಡಬೇಡಿ, ಹೀಟರಿನ ಮೇಲೆ ಬರೆದಿರುವಷ್ಟು ಅಂತರವನ್ನು ಮರದ ಚೂರುಗಳಿಂದಲೂ ಕಾಪಾಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆಯೇ ಹರಡುತ್ತದೆ. ಅದಕ್ಕಾಗಿಯೇ ಉರಿ ಅಥವಾ ಕಿಡಿ ಹೊಮ್ಮುವ ಭಾಗ ನೆಲದಿಂದ ಕನಿಷ್ಠ 18 ಅಂಗುಲ ಮೇಲಿರಬೇಕು. ಮಾಳಿಗೆಗೆ ತೂಗುಹಾಕುವ, ಹೊರಗಿನ ಗಾಳಿಯನ್ನೇ ಎಳೆದುಕೊಂಡು ಹೊರಗೇ ಹೊಗೆ ಬಿಡುವ ಹೀಟರನ್ನು ಆರಿಸಿ.

ಕೆಲಸ ಶುರು ಮಾಡುವ ಮೊದಲು ನಿಮ್ಮ ನಗರದ ಕಟ್ಟಡ ಇಲಾಖೆಯಿಂದ ಪರ್ಮಿಟ್ ತೆಗೆದುಕೊಳ್ಳಿ, ಸ್ಥಳೀಯ ತಿದ್ದುಪಡಿಗಳನ್ನೂ ಅಲ್ಲೇ ಕೇಳಿ. ಇನ್‌ಸ್ಪೆಕ್ಟರ್ ಬಂದು ವೈರು, ಗ್ಯಾಸ್ ಪೈಪು, ಇನ್ಸುಲೇಷನ್ ನೋಡುವವರೆಗೆ ಒಂದು ಬೋರ್ಡನ್ನೂ ಹೊಡೆಸಬೇಡಿ.