ಹಳೇ ಲ್ಯಾಪ್‌ಟಾಪಿಗೆ ಯಾವ ಓಎಸ್ ಅಂತ ಕೇಳಿದ್ದೀರಿ, ಮೊದಲು ಅಪ್ಪ ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ ಕನ್ನಡ ಫೈಲುಗಳನ್ನ ತೆರೆದು ನೋಡಿ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಕೊಡಗಿನ ವಿರಾಜಪೇಟೆ ಹತ್ರ ಮನೆ, 2015ರಲ್ಲಿ ತಗೊಂಡ ಲ್ಯಾಪ್‌ಟಾಪು, ಐದನೇ ಜನರೇಷನ್ ಐ3, 4 ಜಿಬಿ ರ್ಯಾಮು, ತಿರುಗೋ ಹಾರ್ಡ್‌ಡಿಸ್ಕು, ವಿಂಡೋಸ್ 10 ಸಪೋರ್ಟ್ ಮುಗೀತು ಅಂತ ಮೆಸೇಜು ಬರ್ತಿದೆ, ಅಪ್ಪ ಅದರಲ್ಲಿ ತೋಟದ ಲೆಕ್ಕ ಇಡ್ತಾರೆ ಕನ್ನಡದಲ್ಲಿ ಪತ್ರ ಟೈಪ್ ಮಾಡ್ತಾರೆ, ತಂಗಿ ಈ ವರ್ಷ ಕಾಲೇಜು, ವಿಂಡೋಸ್ 11 ಹಾಕೋದಾ ಲಿನಕ್ಸಾ ಇಲ್ಲ ಹೊಸದೇ ತಗೊಳ್ಳೋದಾ ಅಂತ. ನಾನು ಸುಂಟಿಕೊಪ್ಪ ಕಡೆಯವನು, ನಮ್ಮನೇಲೂ ಹೆಚ್ಚುಕಮ್ಮಿ ಅದೇ ವಯಸ್ಸಿನ ಮೆಷೀನ್ ಇದೆ, ಅಕ್ಕಪಕ್ಕದ ಹತ್ತು ಹನ್ನೆರಡು ಮನೆ ಕಂಪ್ಯೂಟರಿಗೂ ಕೈ ಹಾಕಿದ್ದೀನಿ, ಅದರ ಮೇಲೆ ಹೇಳ್ತೀನಿ.

ನನ್ನ ಉತ್ತರ ಲಿನಕ್ಸ್ ಮಿಂಟ್, ಅಂದ್ರೆ ವಿಂಡೋಸ್ ಬದಲು ಹಾಕೋ ಒಂದು ಫ್ರೀ ಓಎಸ್ (ಕಂಪ್ಯೂಟರ್ ನಡೆಸೋ ಮೂಲ ಸಾಫ್ಟ್‌ವೇರ್), ಅದರಲ್ಲೂ ಎಕ್ಸ್‌ಎಫ್‌ಸಿಇ ಅನ್ನೋ ಹಗುರದ ಎಡಿಷನ್. ಆದ್ರೆ ಇವತ್ತೇ ಹಾಕ್ಬೇಡಿ. ಅದಕ್ಕೆ ಮೊದಲು ಮಾಡೋ ಕೆಲಸ ಒಂದಿದೆ, ಅದನ್ನ ಬಿಟ್ಟು ಹಾಕಿದ್ರೆ ಅಪ್ಪ ಮಾರನೇ ದಿನವೇ ನಿಮ್ಮನ್ನ ಬೈತಾರೆ, ಅವರು ಬೈಯೋದು ಸರಿಯಾಗೇ ಇರುತ್ತೆ.

ಮೊದಲು ಸಪೋರ್ಟ್ ವಿಷಯ. 14 ಅಕ್ಟೋಬರ್ 2025ಕ್ಕೆ ವಿಂಡೋಸ್ 10 ಸಪೋರ್ಟ್ ಮುಗಿದಿದೆ ಅಂದ್ರೆ ಕಂಪ್ಯೂಟರ್ ನಿಂತುಹೋಗುತ್ತೆ ಅಂತ ಅಲ್ಲ, ಇನ್ಮೇಲೆ ಸಿಗೋ ಸೆಕ್ಯುರಿಟಿ ತೂತುಗಳಿಗೆ ತೇಪೆ ಹಾಕೋರು ಇಲ್ಲ ಅಂತ. ಇದನ್ನ ತುಂಬಾ ಜನ ಹಗುರವಾಗಿ ತಗೊಳ್ತಾರೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅಂತ ಒಂದು ಬಂತಲ್ಲ, ಫೈಲೆಲ್ಲ ಲಾಕ್ ಮಾಡಿ ದುಡ್ಡು ಕೇಳ್ತಿತ್ತು, ಅದು ಹೊಕ್ಕ ತೂತಿಗೆ ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆ ಮಾರ್ಚಲ್ಲೇ ಅಪ್‌ಡೇಟ್ ಕೊಟ್ಟಿತ್ತು, ಅದನ್ನ ಹಾಕಿಕೊಳ್ಳದೇ ಇದ್ದ ಮೆಷೀನುಗಳೇ ಸಿಕ್ಕಿಬಿದ್ದಿದ್ದು. ಅಪ್ಪ ಬ್ಯಾಂಕ್ ಕೆಲಸನೂ ಅದರಲ್ಲೇ ಮಾಡೋದಾದ್ರೆ ಹಂಗೇ ಬಿಡೋದು ಬೇಡವೇ ಬೇಡ. ಸ್ವಲ್ಪ ಸಮಯ ಬೇಕು ಅಂದ್ರೆ ಮನೆ ಬಳಕೆಯವರಿಗೆ 13 ಅಕ್ಟೋಬರ್ 2026ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಕೊಡೋ ಒಂದು ಸ್ಕೀಮ್ ಇದೆ, ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ಫ್ರೀ. ಅಷ್ಟು ದಿನ ಸಿಕ್ಕಿದ್ರೆ ಕೆಳಗೆ ಹೇಳೋ ಕೆಲಸ ನಿಧಾನಕ್ಕೆ ಮಾಡ್ಕೋಬಹುದು.

ವಿಂಡೋಸ್ 11 ನಿಮ್ಮ ಮೆಷೀನಿಗೆ ಇಲ್ಲ. ಅದಕ್ಕೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ ಎಂಟನೇ ಜನರೇಷನ್ನಿಂದ ಮೇಲೆ ಬೇಕು, ನಿಮ್ಮದು ಐದು. ಚೆಕ್ ತಪ್ಪಿಸಿ ಹಾಕೋ ದಾರಿ ಯೂಟ್ಯೂಬಲ್ಲಿ ಬೇಕಾದಷ್ಟಿದೆ, ಹಾಕಿನೂ ಹಾಕ್ತಾರೆ, ಆದ್ರೆ ಹಂಗೆ ಹಾಕಿದ ಮೆಷೀನಿಗೆ ಅಪ್‌ಡೇಟ್ ಬರುತ್ತೆ ಅನ್ನೋ ಗ್ಯಾರಂಟಿ ಕಂಪನಿನೇ ಕೊಡಲ್ಲ, ಮತ್ತೆ 4 ಜಿಬಿಲಿ ಹಳೇ ಹಾರ್ಡ್‌ಡಿಸ್ಕಲ್ಲಿ ಅದು ಓಡೋದನ್ನ ನೋಡಿದ್ರೆ ಬೇಜಾರಾಗುತ್ತೆ. ಪೇಟೆಲಿ ಕೆಲವು ಕಡೆ ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿ ಕೊಡ್ತಾರೆ. ಅದನ್ನ ಆಕ್ಟಿವೇಟ್ ಮಾಡೋಕೆ ಬಳಸೋ ಟೂಲ್ ಒಳಗೆ ಏನಿದೆ ಅಂತ ಹಾಕಿದವರಿಗೂ ಗೊತ್ತಿರಲ್ಲ, ದಯವಿಟ್ಟು ಬೇಡ. ಆ್ಯಪಲ್ ಮ್ಯಾಕ್ ಅಂದ್ರೆ ಹೊಸ ಮೆಷೀನೇ ತಗೋಬೇಕು, ಅದು ಬೇರೆ ಮಾತು. ಗೂಗಲ್‌ನ ಕ್ರೋಮ್ ಓಎಸ್ ಫ್ಲೆಕ್ಸ್ ಫ್ರೀ, 4 ಜಿಬಿಲಿ ಚೆನ್ನಾಗೇ ಓಡುತ್ತೆ, ಆದ್ರೆ ಅದರ ಜೀವ ಇರೋದು ನೆಟ್ಟಲ್ಲಿ, ನಮ್ಮ ಕಡೆ ಜೂನ್ ಜುಲೈ ಮಳೆಲಿ ನೆಟ್ ಹೆಂಗಿರುತ್ತೆ ಅಂತ ನಾನು ನಿಮಗೆ ಹೇಳೋದೇನೂ ಇಲ್ಲ.

ಈಗ ನಾನು ಮೊದಲೇ ಹೇಳಿದ ಕೆಲಸ, ಅಪ್ಪನ ಕನ್ನಡ ಫೈಲುಗಳು. ನಮ್ಮ ಪಕ್ಕದ ತೋಟದಲ್ಲಿ ಮಿಲಿಟರಿಯಿಂದ ರಿಟೈರ್ ಆಗಿ ಬಂದ ಅಂಕಲ್ ಒಬ್ಬರಿದ್ದಾರೆ, ಅವರ ಕಂಪ್ಯೂಟರಿಗೆ ನಾನೇ ಮಿಂಟ್ ಹಾಕಿಕೊಟ್ಟೆ. ಎಲ್ಲಾ ಚೆನ್ನಾಗಿದೆ ಅಂದ್ರು. ನಾಲ್ಕು ದಿನ ಬಿಟ್ಟು ಫೋನ್ ಮಾಡಿದ್ರು, ದನಿನೇ ಬೇರೆ ಥರ ಇತ್ತು, ಹೋಗಿ ನೋಡಿದ್ರೆ ಅವರ ಒಕ್ಕದ (ಕೊಡವ ಮನೆತನದ) ವಂಶಾವಳಿ ಫೈಲು, ಅರವತ್ತು ಪುಟ, ಮನೆತನದ ಮೂಲ ಮನೆ ಐನ್‌ಮನೆಯ ಹಿರಿಯರು ಹೇಳಿದ್ದನ್ನ ಇವರು ಕೂತು ಬರೆಸಿದ್ದು, ಅದನ್ನ ತೆರೆದ್ರೆ ಒಂದಕ್ಷರ ಕನ್ನಡ ಇಲ್ಲ, ಇಂಗ್ಲಿಷ್ ಅಕ್ಷರಗಳ ತಲೆ ಮೇಲೆಲ್ಲ ಕೊಂಬು ಚುಕ್ಕೆ ಇಟ್ಟಂಗೆ ಪುಟಗಟ್ಟಲೆ ಕಾಣ್ತಿತ್ತು. ಹೇಳಿಸಿದ ಹಿರಿಯರಲ್ಲಿ ಈಗ ಒಬ್ಬರೂ ಇಲ್ಲ. ಫೈಲ್ ಕೆಟ್ಟಿರಲಿಲ್ಲ, ಅದು ನುಡಿಯ ಹಳೇ ಆಸ್ಕಿ ಫಾಂಟಲ್ಲಿ ಟೈಪ್ ಆಗಿತ್ತು ಅಷ್ಟೇ. ಆ ಕಾಲದಲ್ಲಿ ನುಡಿ, ಬರಹ ಅನ್ನೋ ಎರಡೂ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಹಿಂಗೇ, ಫೈಲಿನ ಒಳಗೆ ಇರೋದು ಇಂಗ್ಲಿಷ್ ಅಕ್ಷರದ ಕೋಡು, ಅದರ ಮೇಲೆ ಕನ್ನಡ ಚಿತ್ರ ಇಟ್ಟ ಫಾಂಟು, ಫಾಂಟ್ ಇಲ್ಲದ ಕಡೆ ಕನ್ನಡನೂ ಇಲ್ಲ. ಯೂನಿಕೋಡ್ ಆದ್ರೆ ಅಕ್ಷರವೇ ಕನ್ನಡ, ಯಾವ ಮೆಷೀನಲ್ಲಿ ತೆರೆದ್ರೂ ಕನ್ನಡವೇ.

ಆಮೇಲೆ ಹಳೇ ಡಿಸ್ಕಿಂದ ನುಡಿ ಫಾಂಟ್ ಕಾಪಿ ಮಾಡಿ ಹಾಕಿದ್ಮೇಲೆ ಕಾಣಿಸ್ತು, ಅಂಕಲ್ ಮುಖ ನೋಡಬೇಕಿತ್ತು. ಆದ್ರೆ ಅಷ್ಟಕ್ಕೇ ಬಿಡಬಾರದು ಅಂತ ಯೂನಿಕೋಡ್‌ಗೆ ಬದಲಾಯಿಸಿದ್ವಿ. ಆಸ್ಕಿಯಿಂದ ಯೂನಿಕೋಡ್‌ಗೆ ಮಾಡೋ ಕನ್ವರ್ಟರ್‌ಗಳು ಆನ್‌ಲೈನಲ್ಲಿ ಫ್ರೀ ಸಿಗುತ್ತೆ, ಅಂಟಿಸಿದ್ರೆ ನಿಮಿಷದ ಕೆಲಸ, ಆಮೇಲೆ ಒತ್ತಕ್ಷರ ಅರ್ಕಾವತ್ತು ಎಲ್ಲೆಲ್ಲಿ ಕೆಟ್ಟಿದೆ ಅಂತ ನೋಡೋದೇ ದೊಡ್ಡ ಕೆಲಸ. ಕೊಡವ ತಕ್ಕಿನ, ಅಂದ್ರೆ ಕೊಡವ ಭಾಷೆಯ ಹೆಸರುಗಳನ್ನ ಕನ್ನಡ ಲಿಪಿಲೇ ಬರೆದಿರೋದ್ರಿಂದ ಯಾವ ಸ್ಪೆಲ್‌ಚೆಕ್ಕೂ ಹಿಡಿಯಲ್ಲ, ಆ ಹೆಸರು ಬಲ್ಲವರೇ ಓದಬೇಕು. ಎರಡು ಸಂಜೆ ಅಂಕಲ್ ಪ್ರಿಂಟ್ ಹಿಡ್ಕೊಂಡು ಓದೋರು, ನಾನು ಸ್ಕ್ರೀನಲ್ಲಿ ತಿದ್ದೋನು.

ಹಂಗಾಗಿ ನೀವು ಇವತ್ತು ಮಾಡ್ಬೇಕಾದ್ದು ಇಷ್ಟೇ, ಅಪ್ಪನ ಹಳೇ ಫೈಲಿಂದ ಎರಡು ಸಾಲು ಕಾಪಿ ಮಾಡಿ ವಾಟ್ಸಾಪಲ್ಲಿ ಅಂಟಿಸಿ ನೋಡಿ. ಕನ್ನಡ ಕಂಡ್ರೆ ಯೂನಿಕೋಡು, ಚಿಂತೆ ಇಲ್ಲ. ಚುಕ್ಕೆ ಚುಕ್ಕೆ ಇಂಗ್ಲಿಷ್ ಕಂಡ್ರೆ ಆಸ್ಕಿ, ವಿಂಡೋಸ್ ಇರೋವಾಗಲೇ ಎಲ್ಲಾ ಬದಲಾಯಿಸ್ಕೊಳ್ಳಿ, ಮೂಲ ಫೈಲು ಫಾಂಟು ಎರಡನ್ನೂ ಒಂದು ಪೆನ್‌ಡ್ರೈವಲ್ಲೂ ಇನ್ನೊಂದು ಕಡೆಯೂ ಇಟ್ಕೊಳ್ಳಿ.

ಅಪ್ಪನ ಕೈಗೆ ನುಡಿ ಕೀಬೋರ್ಡ್ ಅಭ್ಯಾಸ ಆಗಿರೋದು ತೊಂದ್ರೆ ಇಲ್ಲ. ಕೆ.ಪಿ. ರಾವ್ ಅವರು ಮಾಡಿದ ಆ ವಿನ್ಯಾಸವೇ ಲಿನಕ್ಸಲ್ಲೂ ಇದೆ. ಮಿಂಟಲ್ಲಿ ಇನ್‌ಪುಟ್ ಮೆಥಡ್ ಅನ್ನೋ ಕಡೆ ಐಬಸ್ ಅನ್ನೋ ಟೈಪಿಂಗ್ ಸಾಫ್ಟ್‌ವೇರ್ ಹಾಕಿ, ಅದರ ಜೊತೆ ಎಂ17ಎನ್ ಅನ್ನೋ ಪ್ಯಾಕೇಜ್ ಹಾಕಿದ್ರೆ ಕನ್ನಡದ ಪಟ್ಟಿಲಿ ಕೆಜಿಪಿ ಅಂತ ಬರುತ್ತೆ, ಅದನ್ನ ಆರಿಸ್ಕೊಳ್ಳಿ. ಒತ್ತಕ್ಷರಕ್ಕೆ ಅದೇ ಎಫ್ ಕೀ. ನಮ್ಮಪ್ಪ ಬದಲಾಗಿದೆ ಅಂತಾನೇ ಅನ್ನಲಿಲ್ಲ.

ತೋಟದ ಲೆಕ್ಕ ಎಕ್ಸೆಲ್ಲಲ್ಲಿ ಇದ್ರೆ ಲಿಬ್ರೆಆಫೀಸ್ ಅನ್ನೋ ಫ್ರೀ ಆಫೀಸ್ ಸಾಫ್ಟ್‌ವೇರಲ್ಲಿ ತೆರೆಯುತ್ತೆ. ಆಳಿನ ಹಾಜರಿ, ಯಾರು ಎಷ್ಟು ಕೆಜಿ ಕುಯ್ದ್ರು, ಕಾಫಿ ಚೆರಿ ಎಷ್ಟು ಚೀಲ ಆಯ್ತು, 50 ಕೆಜಿ ಚೀಲದ ರೇಟ್ ಹಾಕಿ ಗುಣಿಸೋದು, ಇದೆಲ್ಲ ಏನೂ ವ್ಯತ್ಯಾಸ ಇಲ್ಲದೆ ನಡೆಯುತ್ತೆ. ಯಾರಾದ್ರೂ ಮ್ಯಾಕ್ರೋ (ಎಕ್ಸೆಲ್ ಒಳಗೆ ಓಡೋ ಚಿಕ್ಕ ಪ್ರೋಗ್ರಾಂ) ಬರೆದುಕೊಟ್ಟಿದ್ರೆ ಮಾತ್ರ ಕೈ ಕೊಡಬಹುದು. ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಬಳಸ್ತಾರಾ ಅಂತ ನೀವು ಬರೆದಿಲ್ಲ. ಬಳಸೋದಾದ್ರೆ ನಾನು ಇಲ್ಲಿವರೆಗೆ ಹೇಳಿದ್ದೆಲ್ಲ ಬಿಟ್ಬಿಡಿ, ಟ್ಯಾಲಿ ವಿಂಡೋಸಿಗೆ ಮಾಡಿದ್ದು, ಲಿನಕ್ಸಲ್ಲಿ ಅಡ್ಡದಾರಿಲಿ ಓಡಿಸ್ತಾರೆ ಆದ್ರೆ ವರ್ಷದ ಲೆಕ್ಕವನ್ನ ಅಡ್ಡದಾರಿ ಮೇಲೆ ಇಡೋ ಸಲಹೆ ನಾನು ಯಾರಿಗೂ ಕೊಡಲ್ಲ, ಆಗ ವಿಂಡೋಸ್ 11 ಇರೋ ಹೊಸ ಮೆಷೀನೇ ಸರಿ. ತಂಗಿ ಕಾಲೇಜಲ್ಲಿ ಕ್ಯಾಮೆರಾ ಇಟ್ಟು ಆನ್‌ಲೈನ್ ಪರೀಕ್ಷೆ ಬರೆಸೋ ಸಾಫ್ಟ್‌ವೇರ್ ಏನಾದ್ರೂ ಇದ್ರೆ ಅದನ್ನೂ ಮೊದಲೇ ಕೇಳ್ಕೊಳ್ಳಿ, ಅಂಥವು ಬಹಳಷ್ಟು ಲಿನಕ್ಸಲ್ಲಿ ಓಡಲ್ಲ.

ಲಿನಕ್ಸ್ ಅಂದ್ರೆ ಮನೆಯವರಿಗೆ ಕಷ್ಟ ಅಂತ ಯಾರಾದ್ರೂ ಹೇಳಿದ್ರೆ ಮಾಕುಟ್ಟ ಇಳಿದು ಇರಿಟ್ಟಿ ಕಡೆ ನೋಡಿ ಅನ್ನಿ. ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಅಂತ ಸರ್ಕಾರದ ಯೋಜನೆ 2001ರ ಹೊತ್ತಿಗೆ ಶುರುವಾಗಿದ್ದು, ಈಗ ಕೈಟ್ ಅಂತಾರೆ, ಅಲ್ಲಿ ಸರ್ಕಾರಿ ಶಾಲೆ ಮಕ್ಕಳು ಕಲಿಯೋದೇ ಉಬುಂಟು ಮೇಲೆ ಕಟ್ಟಿದ ಲಿನಕ್ಸಲ್ಲಿ. ನಿಮ್ಮಲ್ಲಿಂದ ಒಂದು ಘಾಟಿ ಇಳಿದ್ರೆ ಸಿಗೋ ಹೈಸ್ಕೂಲ್ ಮಕ್ಕಳಿಗೆ ಆಗೋದು ನಮ್ಮ ಮನೇಲಿ ಯಾಕಾಗಲ್ಲ.

ಮಳೆಗಾಲದ ವಿಷಯಕ್ಕೆ ಬರ್ತೀನಿ, ನನ್ನ ಪ್ರಕಾರ ನಮ್ಮ ಜಿಲ್ಲೇಲಿ ಓಎಸ್ ಆರಿಸುವಾಗ ಇದನ್ನ ಯೋಚನೆ ಮಾಡದೇ ಇರೋಕಾಗಲ್ಲ. ಗಾಳಿಗೆ ಸಿಲ್ವರ್ ಓಕ್ ಮರ ಕರೆಂಟ್ ಲೈನ್ ಮೇಲೆ ಬಿದ್ರೆ ಎರಡ್ಮೂರು ದಿನ ಕರೆಂಟಿಲ್ಲ, ಟವರೂ ಮಲಗುತ್ತೆ, ನೆಟ್ ಅಂದ್ರೆ ಫೋನಿನ ಹಾಟ್‌ಸ್ಪಾಟು, ಅದರಲ್ಲಿ ದಿನಕ್ಕೆ ಒಂದೂವರೆ ಜಿಬಿ. ಅದರೊಳಗೆ ತಾನಾಗೇ ಅಪ್‌ಡೇಟ್ ಇಳಿಸ್ಕೊಳ್ಳೋ ಮೆಷೀನ್ ಇದ್ರೆ ಮಧ್ಯಾಹ್ನಕ್ಕೇ ಡಾಟಾ ಖಾಲಿ. ಮಿಂಟಲ್ಲಿ ಅಪ್‌ಡೇಟ್ ಬಂದಿದೆ ಅಂತ ತೋರಿಸುತ್ತೆ, ನೀವು ಒತ್ತಿದ್ರೆ ಮಾತ್ರ ಇಳಿಯೋದು. ವಿಂಡೋಸಲ್ಲೇ ಇರೋರು ಹಾಟ್‌ಸ್ಪಾಟನ್ನ ಮೀಟರ್ಡ್ ಕನೆಕ್ಷನ್ (ಡಾಟಾಗೆ ಮಿತಿ ಇರೋ ನೆಟ್) ಅಂತ ಗುರುತು ಹಾಕಿಟ್ಕೊಂಡ್ರೆ ಬಹಳ ಮಟ್ಟಿಗೆ ನಿಲ್ಲುತ್ತೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಆದ್ರೆ ಕರೆಂಟ್ ಹೋದ್ರೆ ಲಿನಕ್ಸಿಗೆ ಏನೂ ಆಗಲ್ಲ ಅಂತ ಕೆಲವರು ಹೇಳ್ತಾರೆ, ಅದನ್ನ ನಂಬಬೇಡಿ. ಸೇವ್ ಮಾಡದ್ದು ಯಾವ ಓಎಸ್ಸಲ್ಲೂ ಹೋಗುತ್ತೆ. ನಮ್ಮ ಹಳೇ ಡೆಸ್ಕ್‌ಟಾಪಿಗೆ ಯುಪಿಎಸ್ ಹಾಕಿಸದೇ ಇದ್ದಾಗ ಅಪ್‌ಡೇಟ್ ಮಧ್ಯೆ ಕರೆಂಟ್ ಹೋಗಿ ಒಂದು ವಾರ ಬೂಟ್ ಆಗಲಿಲ್ಲ. ನಿಮ್ಮ ಲ್ಯಾಪ್‌ಟಾಪ್ ಬ್ಯಾಟರಿ ಹತ್ತು ವರ್ಷದ್ದೇ ಆದ್ರೆ ಸತ್ತಿರುತ್ತೆ, ಹೊಸದು ಹಾಕಿಸಿ. ಲಿಬ್ರೆಆಫೀಸಲ್ಲಿ ತಾನಾಗೇ ಉಳಿಸಿಡೋ ಆಟೋ ರಿಕವರಿ ಹತ್ತು ನಿಮಿಷಕ್ಕಿರುತ್ತೆ, ಎರಡಕ್ಕೆ ಇಳಿಸಿ. ಏಪ್ರಿಲ್ ಮೇ ಗುಡುಗಿಗೆ ಪ್ಲಗ್ ಕೀಳೋದಂತೂ ನಿಮಗೆ ಗೊತ್ತೇ ಇದೆ.

ಖರ್ಚು ಮಾಡೋದಾದ್ರೆ ಬ್ಯಾಟರಿ ಜೊತೆಗೆ ಒಂದು ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ಲದ ವೇಗದ ಡಿಸ್ಕು), 256 ಜಿಬಿ ಸಾಕು. ಓಎಸ್ ಬದಲಾಯಿಸಿದ್ದಕ್ಕಿಂತ ಜಾಸ್ತಿ ವ್ಯತ್ಯಾಸ ಇದರಿಂದಲೇ ಗೊತ್ತಾಗೋದು. ಹಳೇ ಹಾರ್ಡ್‌ಡಿಸ್ಕನ್ನ ಅಳಿಸಬೇಡಿ, ವಿಂಡೋಸ್ ಸಮೇತ ಹಂಗೇ ಬಿಚ್ಚಿ ಒಣಗಿದ ಜಾಗದಲ್ಲಿ ಇಡಿ, ಮಳೆಗಾಲಕ್ಕೆ ಬೂಸ್ಟು ಹಿಡಿಯದಂಗೆ ಮುಚ್ಚಳದ ಡಬ್ಬಿಲಿ. ಏನಾದ್ರೂ ಫೈಲ್ ಮರೆತಿದ್ರೆ ಅದರಲ್ಲೇ ಇರುತ್ತೆ. ಒಂದೇ ಡಿಸ್ಕಲ್ಲಿ ಎರಡೂ ಓಎಸ್ ಇಡೋ ಡ್ಯುಯಲ್ ಬೂಟ್ ನಾನು ಮನೆಯವರಿಗೆ ಮಾಡಿಕೊಡಲ್ಲ, ಅಭ್ಯಾಸದ ಮೇಲೆ ಹಳೇದಕ್ಕೇ ಹೋಗ್ತಾರೆ, ಸಪೋರ್ಟ್ ಇಲ್ಲದ್ದರಲ್ಲೇ ಬ್ಯಾಂಕ್ ತೆರೀತಾರೆ.

ಹಾಕೋ ಮೊದಲು ಪೆನ್‌ಡ್ರೈವಿಂದಲೇ ಓಡಿಸಿ ನೋಡಬಹುದು, ಡಿಸ್ಕನ್ನ ಮುಟ್ಟಲ್ಲ. ಮಿಂಟ್ 22ರ ಫೈಲು ಮೂರು ಜಿಬಿ ಹತ್ರ ಇದೆ, ಅದಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತೆ, ಮಡಿಕೇರಿಗೋ ಮೈಸೂರಿಗೋ ಹೋದಾಗ ಒಳ್ಳೇ ನೆಟ್ ಇರೋ ಕಡೆ ಇಳಿಸ್ಕೊಂಡು ರೂಫಸ್ ಅನ್ನೋ ಸಾಫ್ಟ್‌ವೇರಲ್ಲಿ ಪೆನ್‌ಡ್ರೈವಿಗೆ ಹಾಕಿ. ಅದರಿಂದ ಬೂಟ್ ಮಾಡಿ ವೈಫೈ ಹಿಡಿಯುತ್ತಾ, ಸೌಂಡ್ ಬರುತ್ತಾ, ಮುಖ್ಯವಾಗಿ ನಿಮ್ಮ ಪ್ರಿಂಟರ್ ಪ್ರಿಂಟ್ ಕೊಡುತ್ತಾ ನೋಡಿ, ಕೆಲವು ಹಳೇ ಲೇಸರ್ ಪ್ರಿಂಟರ್‌ಗಳಿಗೆ ಲಿನಕ್ಸ್ ಡ್ರೈವರ್ ತುಂಬಾ ತಲೆನೋವು. ಇದನ್ನ ಅಪ್ಪನನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ಮಾಡಿ, ಅವರ ಒಂದು ಪತ್ರ ಅವರ ಕೈಯಲ್ಲೇ ತೆರೆಸಿ, ಒಂದು ಸಾಲು ಟೈಪ್ ಮಾಡಿಸಿ.

ಪ್ರಿಂಟರ್ ಮಾಡೆಲ್ ಯಾವುದು, ಟ್ಯಾಲಿ ಇದೆಯಾ, ವಾಟ್ಸಾಪಲ್ಲಿ ಅಂಟಿಸಿದಾಗ ಏನು ಕಾಣ್ತು, ಈ ಮೂರು ಬರೀರಿ, ಮುಂದಿನದು ಹೇಳ್ತೀನಿ.