ಓದುಗರ ಪ್ರಶ್ನೆ, ಪ್ರಯೋಗಾಲಯದ ಉತ್ತರ: ಬೆಳ್ಳಗಿರಬೇಕಾದ ಪುಡಿ ಕಪ್ಪಾದಾಗ

ಪ್ರಶ್ನೆ: ಜಿಂಕ್ ನೈಟ್ರೇಟ್ ಮತ್ತು ಗ್ಲೈಸಿನ್ ಬಳಸಿ ಕಂಬಶನ್ ವಿಧಾನದಲ್ಲಿ (ನೈಟ್ರೇಟ್ ಜೊತೆ ಗ್ಲೈಸಿನ್ ಅನ್ನು ಇಂಧನವಾಗಿ ಉರಿಸುವ ವಿಧಾನ) ಜಿಂಕ್ ಆಕ್ಸೈಡ್ ನ್ಯಾನೋಪುಡಿ ಮಾಡುತ್ತಿದ್ದೇನೆ. ಮೊದಲ ಸಲ ಬೆಳ್ಳಗೆ ಬಂತು. ಜೂನ್ ನಂತರ ಮಾಡಿದ್ದೆಲ್ಲ ಬೂದುಗಪ್ಪು. ಒಂದು ಸಲ ಹೊತ್ತಿಕೊಳ್ಳಲೇ ಇಲ್ಲ, ಹೊಗೆಯಾಡಿ ಸುಮ್ಮನಾಯಿತು. ತೂಕ ಒಂದಿಷ್ಟೂ ಬದಲಿಸಿಲ್ಲ. ತಪ್ಪು ಎಲ್ಲಿ?
(ಎಂ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ತೂಕ ಬದಲಾಗಿಲ್ಲ, ತೂಗಿದ ಉಪ್ಪು ಬದಲಾಗಿದೆ. ಜೂನ್ ಎಂದು ನೀವೇ ಬರೆದಿದ್ದೀರಿ, ಸುಳಿವು ಅಲ್ಲೇ ಇದೆ. ಜಿಂಕ್ ನೈಟ್ರೇಟ್ ಗಾಳಿಯ ತೇವವನ್ನು ಎಳೆದುಕೊಳ್ಳುವ ಉಪ್ಪು. ಮಳೆಗಾಲದಲ್ಲಿ ಬಾಟಲಿಯ ಮುಚ್ಚಳ ನಾಲ್ಕು ಸಲ ತೆಗೆದರೆ ಸಾಕು, ಹರಳುಗಳು ಒದ್ದೆ ಸಕ್ಕರೆಯ ಹಾಗೆ ಸ್ಪಾಚುಲಾಗೆ ಮೆತ್ತಿಕೊಳ್ಳುತ್ತವೆ. ಆಗ ನೀವು ತೂಗಿದ್ದರಲ್ಲಿ ಒಂದು ಪಾಲು ಬರೀ ನೀರು. ನೈಟ್ರೇಟ್ ಕಡಿಮೆಯಾಯಿತು, ಗ್ಲೈಸಿನ್ ಅಷ್ಟೇ ಉಳಿಯಿತು. ಇಂಧನ ಹೆಚ್ಚಾಗಿ ಪೂರ್ತಿ ಉರಿಯದ ಇಂಗಾಲ ಪುಡಿಯಲ್ಲಿ ಉಳಿದು ಕಪ್ಪು ಬಣ್ಣ ಕೊಟ್ಟಿದೆ.

ಅಳತೆಯ ಲೆಕ್ಕ ಹೀಗೆ: ಧಾತುಗಳ ವೇಲೆನ್ಸಿ ಕೂಡಿ, ಉಪ್ಪಿನ ಮೊತ್ತವನ್ನು ಇಂಧನದ ಮೊತ್ತ ಸರಿದೂಗುವಂತೆ ಮಾಡಬೇಕು. ಸತುವಿಗೆ +2, ಇಂಗಾಲಕ್ಕೆ +4, ಜಲಜನಕಕ್ಕೆ +1, ಆಮ್ಲಜನಕಕ್ಕೆ −2, ಸಾರಜನಕಕ್ಕೆ ಸೊನ್ನೆ ಎಂದು ಹಿಡಿಯಿರಿ. ಜಿಂಕ್ ನೈಟ್ರೇಟ್‌ನಲ್ಲಿ ಒಂದು ಸತು, ಆರು ಆಮ್ಲಜನಕ: 2 − 12 = −10. ಗ್ಲೈಸಿನ್‌ನಲ್ಲಿ ಎರಡು ಇಂಗಾಲ, ಐದು ಜಲಜನಕ, ಎರಡು ಆಮ್ಲಜನಕ: 8 + 5 − 4 = 9. ಹರಳಿನೊಳಗಿನ ನೀರಿಗೆ ಲೆಕ್ಕವಿಲ್ಲ. ಹಾಗಾಗಿ ಒಂದು ಮೋಲ್ ನೈಟ್ರೇಟ್‌ಗೆ 10 ÷ 9, ಅಂದರೆ 1.11 ಮೋಲ್ ಗ್ಲೈಸಿನ್. 0.02 ಮೋಲ್ ಮಾಡುವುದಾದರೆ ಆರು ನೀರಿನ ಜಿಂಕ್ ನೈಟ್ರೇಟ್ 5.95 ಗ್ರಾಂ, ಗ್ಲೈಸಿನ್ 1.67 ಗ್ರಾಂ. ಕೈಗೆ ಬರಬೇಕಾದ ಪುಡಿ 1.63 ಗ್ರಾಂ. ಇದಕ್ಕಿಂತ ಹೆಚ್ಚು ಬಂದರೆ ಖುಷಿಪಡಬೇಡಿ, ಅದರಲ್ಲಿ ಇಂಗಾಲವೋ ಒಡೆಯದ ನೈಟ್ರೇಟೋ ಇದೆ.

ಉಪ್ಪು ಎಷ್ಟು ನೀರು ಕುಡಿದಿದೆ ಎಂದು ತಿಳಿಯುವುದು ಸುಲಭ. ತೂಕ ಮಾಡಿದ ಕ್ರುಸಿಬಲ್‌ನಲ್ಲಿ ಸರಿಯಾಗಿ 1 ಗ್ರಾಂ ಹಾಕಿ, ಸಿಡಿಯದಂತೆ ನಿಧಾನವಾಗಿ ಒಣಗಿಸಿ, 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿ, ಡೆಸಿಕೇಟರ್‌ನಲ್ಲಿ ಆರಿಸಿ ತೂಗಿ. ಉಪ್ಪು ಸರಿಯಿದ್ದರೆ 0.274 ಗ್ರಾಂ ಉಳಿಯಬೇಕು. 0.250 ಉಳಿದರೆ ಮುಂದಿನ ಸಲ 5.95ರ ಬದಲು 6.51 ಗ್ರಾಂ ತೂಗಬೇಕು. ಇದಕ್ಕಿಂತ ಒಳ್ಳೆಯ ದಾರಿಯೂ ಇದೆ. ಸುಮಾರು 1 ಮೋಲಾರ್ ದ್ರಾವಣ ಒಮ್ಮೆಗೇ ಮಾಡಿಟ್ಟು, ಅದರ ಒಂದು ಪಾಲನ್ನು ತೆಳುಮಾಡಿ, ಪಿಎಚ್ 10ರ ಅಮೋನಿಯಾ ಬಫರ್‌ನಲ್ಲಿ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಸೂಚಕ ಹಾಕಿ, ಸತುವನ್ನು ಹಿಡಿಯುವ ಇಡಿಟಿಎ ಜೊತೆ ಟೈಟ್ರೇಟ್ ಮಾಡಿ. ಸಾಂದ್ರತೆ ಗೊತ್ತಾದ ಮೇಲೆ ಪಿಪೆಟ್‌ನಲ್ಲಿ ತೆಗೆದರಾಯಿತು. ಮಳೆಗಾಲ ಪೂರ್ತಿ ತಕ್ಕಡಿಯ ಮುಂದೆ ಪರದಾಡುವುದು ತಪ್ಪುತ್ತದೆ.

ಇನ್ನು ಹೊತ್ತಿಕೊಳ್ಳದ ವಿಷಯ. ಮಫಲ್ ಫರ್ನೇಸ್ (ಪ್ರಯೋಗಾಲಯದ ವಿದ್ಯುತ್ ಕುಲುಮೆ) ತಣ್ಣಗಿದ್ದಾಗಲೇ ಡಿಶ್ ಇಟ್ಟು ಆಮೇಲೆ ಸ್ವಿಚ್ ಹಾಕಿದ್ದೀರಿ ಎಂದು ತೋರುತ್ತದೆ. ನಿಧಾನವಾಗಿ ಕಾದರೆ ನೈಟ್ರೇಟ್ ಮತ್ತು ಗ್ಲೈಸಿನ್ ತಮ್ಮಷ್ಟಕ್ಕೆ ಒಡೆದು ಅನಿಲವಾಗಿ ಹೋಗುತ್ತವೆ, ಒಂದನ್ನೊಂದು ಉರಿಸುವ ಗಳಿಗೆಯೇ ಬರುವುದಿಲ್ಲ. ಫರ್ನೇಸ್ ಮೊದಲೇ 450ರಿಂದ 500 ಡಿಗ್ರಿಗೆ ಬಂದು ನಿಂತಿರಲಿ. ಎರಡನ್ನೂ 10ರಿಂದ 15 ಮಿಲಿಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, 300 ಮಿಲಿಲೀಟರ್‌ನ ಅಗಲವಾದ ಡಿಶ್‌ನಲ್ಲಿ ಇಡಿ. ಮೊದಲು ಕುದಿಯುತ್ತದೆ, ಪಾಯಸದಂತೆ ಗಟ್ಟಿಯಾಗುತ್ತದೆ, ನೊರೆ ಉಬ್ಬುತ್ತದೆ, ಆಮೇಲೆ ಒಂದು ಮೂಲೆಯಲ್ಲಿ ಕಿಡಿ ಹುಟ್ಟಿ ಕ್ಷಣದಲ್ಲಿ ಪೂರ್ತಿ ಹಬ್ಬುತ್ತದೆ. ಹೊರತೆಗೆದಾಗ ಪುಡಿ ತಿಳಿಹಳದಿ ಕಂಡರೆ ಗಾಬರಿ ಬೇಡ. ಜಿಂಕ್ ಆಕ್ಸೈಡ್ ಬಿಸಿಯಲ್ಲಿ ಹಳದಿ, ಆರುತ್ತಾ ಬಂದಂತೆ ಕಣ್ಣೆದುರೇ ಬಿಳಿಗೆ ತಿರುಗುತ್ತದೆ.

ಕಪ್ಪಾದ ಪುಡಿಯನ್ನು ಗಾಳಿ ಆಡುವಂತೆ 500 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಬೆಳ್ಳಗಾಗುತ್ತದೆ, ಆದರೆ ಹರಳುಕಣಗಳೂ ಬೆಳೆಯುತ್ತವೆ. ಆದ್ದರಿಂದ ಅಳತೆ ಸರಿಮಾಡುವುದೇ ಸರಿಯಾದ ಮದ್ದು.

ಒಂದು ಎಚ್ಚರಿಕೆ. ಇಡೀ ಕೆಲಸ ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್‌ನೊಳಗೆ ನಡೆಯಲಿ. ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ, ಅದು ಶ್ವಾಸಕೋಶಕ್ಕೆ ವಿಷ. ಡಿಶ್ ಮುಚ್ಚಬೇಡಿ, ಮಿಶ್ರಣವನ್ನು ಒಣಗಿಸಿ ಅರೆಯಬೇಡಿ, ಒಣಗಿಸಿ ಎತ್ತಿಡಲೂಬೇಡಿ. ಹೆಚ್ಚು ಪುಡಿ ಬೇಕಾದರೆ ಸಣ್ಣ ಅಳತೆಯಲ್ಲೇ ಹಲವು ಸಲ ಮಾಡಿ, ಒಮ್ಮೆಗೇ ಹತ್ತು ಪಟ್ಟು ಹಾಕುವುದು ಅಪಾಯ.

ಅಂದಹಾಗೆ, ಈ ವಿಧಾನ ಬೆಂಗಳೂರಿನದೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ ಮತ್ತು ಕಿಂಗ್ಸ್ಲಿ ಅಲ್ಯೂಮಿನಿಯಂ ನೈಟ್ರೇಟ್ ಜೊತೆ ಯೂರಿಯಾ ಸೇರಿಸಿ, 500 ಡಿಗ್ರಿಯ ಫರ್ನೇಸ್‌ನಲ್ಲಿ ಕೆಲವೇ ನಿಮಿಷಗಳಲ್ಲಿ ಆಲ್ಫಾ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್‌ನ ಒಂದು ರೂಪ) ಮಾಡಿ 1988ರಲ್ಲಿ ಪ್ರಕಟಿಸಿದರು. ಸಾಮಾನ್ಯವಾಗಿ ಸಾವಿರ ಡಿಗ್ರಿ ದಾಟಿ ಕಾಯಿಸಿದರೆ ಸಿಗುವ ರೂಪ ಅದು. ಬೇಕಾದ ಶಾಖವನ್ನು ಮಿಶ್ರಣದ ಉರಿಯೇ ಕೊಡುತ್ತದೆ.

ಪ್ರಶ್ನೆ: ಜಿಂಕ್ ಆಕ್ಸೈಡ್ ಪುಡಿಯ ಎಕ್ಸ್‌ಆರ್‌ಡಿಯಲ್ಲಿ (ಹರಳಿನಿಂದ ಚದುರುವ ಎಕ್ಸ್-ಕಿರಣದ ಅಳತೆ) 36.25 ಡಿಗ್ರಿಯ ಪೀಕ್‌ಗೆ ಅರ್ಧ ಎತ್ತರದ ಅಗಲ 0.40 ಬಂದಿದೆ. ಪೀಕ್‌ನ ಅಗಲದಿಂದ ಹರಳಿನ ಗಾತ್ರ ತಿಳಿಸುವ ಶೆರರ್ ಸೂತ್ರದಲ್ಲಿ ಹಾಕಿದರೆ ಕಣದ ಗಾತ್ರ 0.36 ನ್ಯಾನೋಮೀಟರ್! ಇಷ್ಟು ಚಿಕ್ಕದು ಸಾಧ್ಯವೇ?
(ಸಂಶೋಧನಾ ವಿದ್ಯಾರ್ಥಿ, ಕಲಬುರಗಿ)

ಉತ್ತರ: ಸಾಧ್ಯವಿಲ್ಲ. ಜಿಂಕ್ ಆಕ್ಸೈಡ್‌ನ ಒಂದೇ ಒಂದು ಯೂನಿಟ್ ಸೆಲ್‌ನ (ಹರಳಿನಲ್ಲಿ ಮರುಕಳಿಸುವ ಅತಿ ಚಿಕ್ಕ ಘಟಕ) ಎತ್ತರವೇ 0.52 ನ್ಯಾನೋಮೀಟರ್. ನೀವು ಅಗಲವನ್ನು ಡಿಗ್ರಿಯಲ್ಲೇ ಹಾಕಿದ್ದೀರಿ, ರೇಡಿಯನ್‌ಗೆ ತಿರುಗಿಸಿಲ್ಲ. 0.40ನ್ನು 3.1416ರಿಂದ ಗುಣಿಸಿ 180ರಿಂದ ಭಾಗಿಸಿದರೆ 0.00698. ಕೋನವೂ 36.25 ಅಲ್ಲ, ಅದರ ಅರ್ಧ 18.125. ಅದರ ಕೊಸೈನ್ 0.950. ತಾಮ್ರದ ಕಿರಣದ ತರಂಗಾಂತರ 0.15406 ನ್ಯಾನೋಮೀಟರ್, ಸ್ಥಿರಾಂಕ 0.9. ಈ ಎರಡರ ಗುಣಲಬ್ಧವನ್ನು ಅಗಲ ಮತ್ತು ಕೊಸೈನ್‌ನ ಗುಣಲಬ್ಧದಿಂದ ಭಾಗಿಸಿ. ಈಗ ಉತ್ತರ ಸುಮಾರು 20.9 ನ್ಯಾನೋಮೀಟರ್.

ಇಲ್ಲಿಗೂ ಮುಗಿಯಲಿಲ್ಲ. ಆ 0.40ರಲ್ಲಿ ಯಂತ್ರದ ಪಾಲೂ ಇದೆ. ಒರಟು ಹರಳಿನ ಸಿಲಿಕಾನ್ ಅಥವಾ ಲ್ಯಾಂಥನಮ್ ಹೆಕ್ಸಾಬೋರೈಡ್ ಮಾದರಿಯನ್ನು ಅದೇ ಸ್ಲಿಟ್, ಅದೇ ವೇಗದಲ್ಲಿ ಓಡಿಸಿ. ಅದರ ಅಗಲ 0.10 ಬಂತೆನ್ನಿ. ಎರಡರ ವರ್ಗ ಕಳೆದು ವರ್ಗಮೂಲ ತೆಗೆದರೆ 0.387, ಗಾತ್ರ 21.6 ನ್ಯಾನೋಮೀಟರ್. ಪ್ರಬಂಧದಲ್ಲಿ "ಸುಮಾರು 22" ಎಂದೇ ಬರೆಯಿರಿ. 21.58 ಎಂದು ಎರಡು ದಶಾಂಶ ಬರೆಯುವಷ್ಟು ಬಲ ಈ ಸೂತ್ರಕ್ಕಿಲ್ಲ.

ಪ್ರಶ್ನೆ: ನನ್ನ ಪುಡಿಗೆ ಎಕ್ಸ್‌ಆರ್‌ಡಿ 22 ನ್ಯಾನೋಮೀಟರ್ ಹೇಳುತ್ತದೆ, ಬಿಇಟಿ (ಅನಿಲ ಅಂಟಿಸಿ ಅಳೆದ) ಮೇಲ್ಮೈ ಗ್ರಾಂಗೆ 20 ಚದರ ಮೀಟರ್, ಎಸ್‌ಇಎಂ (ಇಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರದಲ್ಲಿ 200 ನ್ಯಾನೋಮೀಟರ್‌ನ ಉಂಡೆಗಳು. ಯಾವುದನ್ನು ನಂಬಲಿ?
(ಉಪನ್ಯಾಸಕ, ಶಿವಮೊಗ್ಗ)

ಉತ್ತರ: ಮೂರನ್ನೂ ನಂಬಿ, ಮೂರೂ ಬೇರೆ ಬೇರೆ ವಸ್ತುವನ್ನು ಅಳೆಯುತ್ತಿವೆ. ಎಕ್ಸ್‌ಆರ್‌ಡಿ ಕಾಣುವುದು ಪರಮಾಣುಗಳು ಸಾಲು ತಪ್ಪದೆ ನಿಂತಿರುವ ಹರಳಿನ ತುಣುಕನ್ನು. ಬಿಇಟಿಯಲ್ಲಿ ಸಾರಜನಕ ಅನಿಲ ಮುಟ್ಟಲು ಸಿಗುವ ಮೈ ಮಾತ್ರ ಲೆಕ್ಕಕ್ಕೆ ಬರುತ್ತದೆ. 6000ವನ್ನು ಸಾಂದ್ರತೆ 5.6 ಮತ್ತು ನಿಮ್ಮ 20ರ ಗುಣಲಬ್ಧದಿಂದ ಭಾಗಿಸಿದರೆ ಸುಮಾರು 54 ನ್ಯಾನೋಮೀಟರ್. ಅಂದರೆ 22ರ ಹರಳುಗಳು ಉರಿಯ ಶಾಖದಲ್ಲಿ ಒಂದಕ್ಕೊಂದು ಬೆಸೆದು, ನಡುವಿನ ಮೈ ಅನಿಲಕ್ಕೆ ಸಿಗದಂತಾಗಿದೆ. 200 ಎಂಬುದು ಅಂಥವೆಲ್ಲ ಗುಂಪುಗೂಡಿದ ಉಂಡೆ. ಬಿಇಟಿಗೆ ಕೊಡುವ ಮುನ್ನ 150ರಿಂದ 200 ಡಿಗ್ರಿಯಲ್ಲಿ ಡೀಗ್ಯಾಸ್ (ಅಂಟಿದ ಅನಿಲ, ತೇವ ತೆಗೆಯುವುದು) ಸರಿಯಾಗಿ ಆಗಿದೆಯೇ ಎಂದು ಮಾತ್ರ ವಿಚಾರಿಸಿ, ತೇವ ಉಳಿದರೆ ಮೇಲ್ಮೈ ಕಡಿಮೆ ತೋರುತ್ತದೆ.

ಪ್ರಶ್ನೆ: 22 ನ್ಯಾನೋಮೀಟರ್ ಜಿಂಕ್ ಆಕ್ಸೈಡ್‌ಗೆ ಬ್ಯಾಂಡ್ ಗ್ಯಾಪ್ (ಇಲೆಕ್ಟ್ರಾನ್ ಮೇಲಿನ ಶಕ್ತಿಪಟ್ಟಿಗೆ ಜಿಗಿಯಲು ಬೇಕಾದ ಶಕ್ತಿ) 3.45 ಇಲೆಕ್ಟ್ರಾನ್ ವೋಲ್ಟ್ ಬಂತು. ಇದು ಕಣ ಚಿಕ್ಕದಾದಂತೆ ಗ್ಯಾಪ್ ಹಿಗ್ಗುವ ಕ್ವಾಂಟಮ್ ಪರಿಣಾಮವೇ?
(ಓದುಗರು, ಮಂಗಳೂರು)

ಉತ್ತರ: ಅಲ್ಲ. ಜಿಂಕ್ ಆಕ್ಸೈಡ್‌ನಲ್ಲಿ ಆ ಪರಿಣಾಮ ಕಣ್ಣಿಗೆ ಕಾಣಬೇಕಾದರೆ ಕಣ 7–8 ನ್ಯಾನೋಮೀಟರ್‌ಗಿಂತ ಕೆಳಗಿರಬೇಕು. ಪುಡಿಯನ್ನು ನೀರಿನಲ್ಲಿ ಕದಡಿ ಅಬ್ಸಾರ್ಬೆನ್ಸ್ ತೆಗೆದಿದ್ದರೆ ಚದುರಿದ ಬೆಳಕೂ ಹೀರಿದ ಬೆಳಕಿನ ಲೆಕ್ಕಕ್ಕೆ ಸೇರಿ ಗೆರೆ ಓರೆಯಾಗುತ್ತದೆ. ಒಣ ಪುಡಿಯ ಡಿಫ್ಯೂಸ್ ರಿಫ್ಲೆಕ್ಟೆನ್ಸ್ (ಪುಡಿಯಿಂದ ಚದುರಿ ಮರಳುವ ಬೆಳಕು) ತೆಗೆದು, ಬ್ಯಾಂಡ್ ಗ್ಯಾಪ್ ಓದುವ ಟಾಕ್ ಗೆರೆ ಮತ್ತೆ ಎಳೆಯಿರಿ.

ಪ್ರಶ್ನೆ: ಗ್ಲೈಸಿನ್ ಬದಲು ತುಳಸಿ ಎಲೆಯ ರಸ ಬಳಸಿ 500 ಡಿಗ್ರಿಯಲ್ಲಿ ಕಾಯಿಸಿದ್ದೇವೆ. ಎಲೆಯ ಫ್ಲೇವನಾಯ್ಡ್ ಎಂಬ ಸಾವಯವ ವಸ್ತುಗಳು ಕಣಕ್ಕೆ ಹೊದಿಕೆಯಾಗಿವೆ ಎಂದು ಬರೆಯಬಹುದೇ?
(ಪದವಿ ವಿದ್ಯಾರ್ಥಿಗಳ ತಂಡ, ಧಾರವಾಡ)

ಉತ್ತರ: ದಯವಿಟ್ಟು ಬರೆಯಬೇಡಿ. ಗಾಳಿಯಲ್ಲಿ 500 ಡಿಗ್ರಿ ಕಂಡ ಮೇಲೆ ಫ್ಲೇವನಾಯ್ಡ್ ಉಳಿಯುವುದಿಲ್ಲ, ಸುಟ್ಟುಹೋಗುತ್ತದೆ. ಉಳಿಯುವುದು ಎಲೆಯ ಬೂದಿ: ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ. ಇವು ನಿಮ್ಮ ಪುಡಿಯ ಗುಣವನ್ನೇ ಬದಲಿಸಬಲ್ಲವು, ಆದ್ದರಿಂದ ಇಡಿಎಕ್ಸ್‌ನಲ್ಲಿ (ಧಾತುಗಳನ್ನು ಗುರುತಿಸುವ ಎಕ್ಸ್-ಕಿರಣ ಪರೀಕ್ಷೆ) ಅವನ್ನು ಹುಡುಕಿ. ಎಲೆಯ ರಸ ಇಂಧನವಾಗಿ ಕೆಲಸ ಮಾಡುತ್ತದೆ ನಿಜ, ಆದರೆ ಅದರಲ್ಲಿ ಉರಿಯುವ ಅಂಶ ಎಷ್ಟು ಎಂಬುದು ಎಲೆಯಿಂದ ಎಲೆಗೆ ಬೇರೆ. ಕನಿಷ್ಠ ಪ್ರತಿ ಸಲವೂ ರಸದ 10 ಮಿಲಿಲೀಟರ್ ಒಣಗಿಸಿ ಉಳಿದ ಘನದ ತೂಕ ಬರೆದಿಡಿ. ಜೊತೆಗೆ ಎರಡು ಮಾದರಿ ಕಡ್ಡಾಯವಾಗಿ ಮಾಡಿ: ಅದೇ ಉಪ್ಪನ್ನು ಏನೂ ಸೇರಿಸದೆ ಅದೇ 500 ಡಿಗ್ರಿಯಲ್ಲಿ ಕಾಯಿಸಿದ್ದು ಒಂದು, ಲೆಕ್ಕದ ಗ್ಲೈಸಿನ್ ಹಾಕಿದ್ದು ಇನ್ನೊಂದು. ಮೂರರ ಎಕ್ಸ್‌ಆರ್‌ಡಿ ಒಂದೇ ಹಾಳೆಯ ಮೇಲೆ ಬರಲಿ. ತುಳಸಿ ಏನಾದರೂ ಮಾಡಿದ್ದರೆ ಅಲ್ಲಿ ಕಾಣಬೇಕು.